ಸೋಮವಾರದ ಬಿಡುವು

ನನ್ನ ನೋಟ್‌ಬುಕ್ಕಿನ ಪ್ರಕಾರ ಏಪ್ರಿಲ್ ಒಂದರಿಂದ ಆಗಸ್ಟ್ ಹನ್ನೊಂದರವರೆಗೆ ನಮ್ಮ ಮನೆಯ ಸರ್ವರ್ ಹೊರಗಿನವರಿಗೆ ಸಿಗದೆ ಹೋದದ್ದು ನಲವತ್ತೊಂದು ಸಲ. ಕರೆಂಟು ಹೋಗಿ, ಇನ್ವರ್ಟರಿನ ಬ್ಯಾಟರಿಯೂ ಮುಗಿದದ್ದು ಹತ್ತೊಂಬತ್ತು. ಇಂಟರ್ನೆಟ್ ಲೈನು ಕಡಿದದ್ದು ಒಂಬತ್ತು. ಒಳಗಿನ ಫ್ಯಾನಿಗೆ ಹತ್ತಿಯ ಎಳೆ ಸುತ್ತಿಕೊಂಡು, ಬಿಸಿಯಾಗಿ ನಿಂತದ್ದು ಐದು. ಹಲ್ಲಿ ಒಂದು. ಕಾರಣ ಗೊತ್ತಿಲ್ಲ ಏಳು.

ಸರ್ವರ್ ಎಂದರೆ ದೊಡ್ಡದೇನಲ್ಲ. ಮುಚ್ಚಿಹೋದ ಒಂದು ಇಂಟರ್ನೆಟ್ ಸೆಂಟರಿನಿಂದ ತಂದ ಹಳೆಯ ಕಂಪ್ಯೂಟರ್. ಆಂಧ್ರದ ಗಡಿಯ ಆದೋನಿಯಲ್ಲಿರುವ ನಮ್ಮ ಮನೆಯಲ್ಲಿ ಜೋಳದ ಚೀಲ ಇಡುವ ಕೋಣೆಯೇ ಎಲ್ಲಕ್ಕಿಂತ ತಂಪು, ಹಾಗಾಗಿ ಅಲ್ಲಿ ಒಂದು ಹಲಗೆಯ ಮೇಲೆ ಅದನ್ನು ಕೂರಿಸಿದ್ದೆ. ಅದರ ಕೆಲಸವೂ ಒಂದೇ. ರಕ್ತ ಕೊಡುವವರ ಪಟ್ಟಿಯನ್ನು ಕಾಯ್ದುಕೊಂಡು, ಯಾರಾದರೂ ಫೋನಿನಲ್ಲಿ ನಮ್ಮ ಪುಟ ತೆರೆದು ಗುಂಪು ಕೇಳಿದರೆ, ಕೇಳಿದವರ ಹೆಸರು, ಆಸ್ಪತ್ರೆ ಬರೆದುಕೊಂಡು ನಂಬರು ತೋರಿಸುವುದು.

ಪಟ್ಟಿ ನನ್ನದಲ್ಲ, ತಾತನದು. ತಾತ ಹತ್ತಿ ಮಾರ್ಕೆಟ್ಟಿನಲ್ಲಿ ತೂಕ ಹಾಕುವ ಕೆಲಸದಲ್ಲಿದ್ದವರು. ನಾನು ಹುಟ್ಟಿದ ದಿನ ಅಮ್ಮನಿಗೆ ಒಂದು ಬಾಟಲಿ ರಕ್ತ ಬೇಕಾಯಿತಂತೆ. ಹತ್ತಿ ಮಾರಲು ಬಂದಿದ್ದ ಗೋನೆಗಂಡ್ಲದ ರೈತರೊಬ್ಬರು ಚೀಲ ಇಳಿಸುವುದನ್ನು ಅರ್ಧಕ್ಕೆ ಬಿಟ್ಟು ಬಂದು ಕೊಟ್ಟರು. ಆಮೇಲಿಂದ ತಾತ ತಕ್ಕಡಿಯ ಹತ್ತಿರ ಬಂದವರನ್ನೆಲ್ಲ ನಿಮ್ಮ ರಕ್ತ ಯಾವ ಗುಂಪು ಎಂದು ಕೇಳಿ, ಗೋಡೆ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆಯತೊಡಗಿದರು. ವರ್ಷಕ್ಕೆ ಹನ್ನೆರಡು ಹಾಳೆ, ಹಿಂಬದಿಯೆಲ್ಲ ಹೆಸರು. ಡಿಪ್ಲೊಮಾ ಮುಗಿಸಿದ ವರ್ಷ ನಾನು ಆ ಹಾಳೆಗಳನ್ನೆಲ್ಲ ನೆಲದ ಮೇಲೆ ಹರಡಿ, ಒಂದೊಂದೇ ಹೆಸರು ಕಂಪ್ಯೂಟರಿಗೆ ಹಾಕಿದೆ. ಮುನ್ನೂರ ನಲವತ್ತೇಳು ಹೆಸರು. ಹಾಲಹರವಿಯಿಂದ ಪತ್ತಿಕೊಂಡದವರೆಗಿನ ಊರುಗಳು.

ಆ ಪಟ್ಟಿ ಯಾರಿಗಾದರೂ ಬೇಕಾದ ಗಳಿಗೆಯಲ್ಲಿ ತೆರೆದಿರಬೇಕು. ನಾನು ನೋಟ್‌ಬುಕ್ ಇಟ್ಟದ್ದು ಅದಕ್ಕಾಗಿ. ಆದರೆ ಅದು ತಾತನ ಕೈ ಬಿಟ್ಟು ಹೋಗಲೂಬಾರದಿತ್ತು. ಕೆಲಸ ಬಿಟ್ಟ ಮೇಲೆ ತಾತನಿಗೆ ದಿನವೂ ಕಾಯಲು ಉಳಿದಿದ್ದ ವಸ್ತು ಅದೊಂದೇ. ಅಪ್ಪ, ಅಮ್ಮ ಇಬ್ಬರೂ ಮೇಷ್ಟರ ಕೆಲಸದವರು. ಬೆಳಿಗ್ಗೆ ಎಂಟೂವರೆಗೆ ಶಾಲೆಗೆ ಹೊರಡುತ್ತಾರೆ. ಒಂಬತ್ತಕ್ಕೆ ನಾನು ಲ್ಯಾಬಿಗೆ. ರಕ್ತ, ಮೂತ್ರ ಪರೀಕ್ಷೆಯ ರಿಪೋರ್ಟು ಟೈಪು ಮಾಡುವುದು ನನ್ನ ಕೆಲಸ. ಆಮೇಲೆ ಮನೆಯಲ್ಲಿ ತಾತ, ಅಜ್ಜಿ, ಸರ್ವರ್. ತಾತ ಕೋಣೆಯ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಅದರ ಸದ್ದು ಕೇಳುತ್ತ ಕೂರುತ್ತಿದ್ದರು. ಸಂಜೆ ನಾನು ಚಪ್ಪಲಿ ಬಿಡುವಷ್ಟರಲ್ಲಿ ವರದಿ ಸಿದ್ಧ.

“ಇವತ್ತು ಸ್ವಲ್ಪ ಏದುಸಿರು ಬಿಡಾಕ ಹತ್ತಿತ್ತು. ಫ್ಯಾನಿನ್ಯಾಗ ಹತ್ತಿ ಕುಂತೈತಿ ನೋಡವ್ವ.”

ನೋಡಿದರೆ ಹತ್ತಿ ಕೂತೇ ಇರುತ್ತಿತ್ತು. ನಮ್ಮ ಊರಿನ ಗಾಳಿಯೇ ಹಾಗೆ. ಹತ್ತಿ ಬಿಡಿಸುವ ಜಿನ್ನಿಂಗ್ ಮಿಲ್ಲುಗಳು ಶುರುವಾದರೆ ಒಣಹಾಕಿದ ಕರಿ ಬಟ್ಟೆ ಬೆಳ್ಳಗಾಗುತ್ತದೆ. ನಾನು ಹಲ್ಲುಜ್ಜುವ ಬ್ರಷ್ಷಿನಿಂದ ಫ್ಯಾನು ತಿಕ್ಕುತ್ತಿದ್ದೆ. ತಾತ ಟಾರ್ಚ್ ಹಿಡಿಯುತ್ತಿದ್ದರು. ಅಜ್ಜಿ ಅಡುಗೆಮನೆಯಿಂದಲೇ ಕೂಗುತ್ತಿದ್ದರು: “ಮೈ ತೊಳೆಯೋದು ಆತೇನು? ಹಿಂಡಿ ಕಲಿಸಿ ಕೊಡ್ಲೇನು ಅದಕ್ಕ?”

ಕರ್ನೂಲಿನಲ್ಲಿರುವ ನನ್ನ ಗೆಳತಿ, ಪಾಲಿಟೆಕ್ನಿಕ್ಕಿನಲ್ಲಿ ನನಗಿಂತ ಎರಡು ವರ್ಷ ಮುಂದಿದ್ದವಳು, ಬೇರೆಯವರ ವೆಬ್‌ಸೈಟುಗಳನ್ನು ನೋಡಿಕೊಳ್ಳುವ ಒಂದು ಕಂಪನಿಯಲ್ಲಿ ಇದ್ದಾಳೆ. ಅವಳು ತೆಲುಗಿನವಳು, ನಾನು ಕನ್ನಡದವಳು. ಫೋನಿನಲ್ಲಿ ಯಾರು ಯಾವ ಭಾಷೆ ಆಡುತ್ತಿದ್ದೇವೆ ಎಂದು ಇಬ್ಬರಿಗೂ ನೆನಪಿರುವುದಿಲ್ಲ. ಮೇ ತಿಂಗಳಲ್ಲೇ ಅವಳು ಬೈದಿದ್ದಳು.

“ಎಂದುಕೇ, ಯಾಕ ಇನ್ನೂ ಆ ಡಬ್ಬಾ ಇಟ್ಕೊಂಡೀದಿ? ನಮ್ಮ ಕಡೆ ಹಾಕು. ಕರೆಂಟು ನಾವು ನೋಡ್ಕೊಂತೀವಿ, ಲೈನು ನಾವು ನೋಡ್ಕೊಂತೀವಿ, ಅಪ್‌ಡೇಟು ನಾವು ಮಾಡ್ತೀವಿ. ನೀನು ಬ್ರಷ್ ತಗೊಂಡು ನಿನ್ನ ಹಲ್ಲು ಉಜ್ಜು.”

“ತಾತ ಬ್ಯಾಡ ಅಂತಾರಕ್ಕ.”

“ತಾತ ಬ್ಯಾಡ ಅಂತಾರಾ, ನೀನು ಬ್ಯಾಡ ಅಂತೀಯಾ?”

ಅವಳ ಮಾತಿನಲ್ಲಿ ಅರ್ಧ ನಿಜವಿತ್ತು. ಆ ಯಂತ್ರದೊಳಗೆ ಏನು ಎಲ್ಲಿದೆ ಎಂದು ನನಗೆ ಗೊತ್ತು. ಅದನ್ನು ಎಬ್ಬಿಸುವುದು, ಮಲಗಿಸುವುದು, ಕೆಟ್ಟರೆ ಬಿಚ್ಚುವುದು ಎಲ್ಲ ನನಗೆ ಬರುತ್ತಿತ್ತು. ಹೀಗೆ ಪೂರ್ತಿ ನನಗೆ ತಿಳಿದ ಮತ್ತೊಂದು ವಸ್ತು ಆ ಮನೆಯಲ್ಲಿರಲಿಲ್ಲ. ತಾತನ ಮಾತೇ ಬೇರೆ. “ಮಂದಿ ನಂಬರು ಕೊಟ್ಟದ್ದು ನನ್ನ ಮಾರಿ ನೋಡಿ. ಅದನ್ನ ಒಯ್ದು ಎಲ್ಲೋ ಇಟ್ಟು, ಎಲ್ಲೈತಿ ಅಂದ್ರ ನಂಗೂ ಗೊತ್ತಿಲ್ಲಪ ಅನ್ನಲೇನು?” ಎಂದರು.

ಮಾತು ಅಲ್ಲಿಗೇ ನಿಂತಿತು. ನಾನು ನೋಟ್‌ಬುಕ್ಕಿನಲ್ಲಿ ಗೆರೆ ಎಳೆಯುವುದನ್ನು ಮುಂದುವರಿಸಿದೆ. ತಾರೀಖು, ನಿಂತ ಹೊತ್ತು, ಎದ್ದ ಹೊತ್ತು, ಕಾರಣ. ನಾಲ್ಕು ಕಂಬಸಾಲು.

ಕಾರಣ ಗೊತ್ತಿಲ್ಲದ ಮೊದಲನೆಯದು ಜೂನ್ ಇಪ್ಪತ್ತನಾಲ್ಕು. ಸಂಜೆ ಬಂದು ನೋಡಿದರೆ ಯಂತ್ರ ಎದ್ದು ಬರೀ ಮುಕ್ಕಾಲು ಗಂಟೆಯಾಗಿತ್ತು. ಬೆಳಿಗ್ಗೆ ಒಂಬತ್ತೂ ಇಪ್ಪತ್ತಕ್ಕೆ ನಿಂತಿತ್ತು. ಕರೆಂಟು ಹೋಗಿತ್ತೇ ಎಂದು ಅಜ್ಜಿಯನ್ನು ಕೇಳಿದೆ. “ಇವತ್ತ ಹೋಗಿಲ್ಲಲ್ಲ, ಮಿಕ್ಸಿ ಹಾಕೀನಿ” ಎಂದರು. ಯಂತ್ರ ತನ್ನ ಆಗುಹೋಗುಗಳನ್ನೆಲ್ಲ ಬರೆದಿಟ್ಟುಕೊಳ್ಳುತ್ತದೆ. ಆ ಬರಹ ತೆಗೆದು ನೋಡಿದೆ. ಕರೆಂಟು ಹೋಗಿ ಬಿದ್ದರೆ ಬರಹ ನಡುವೆಯೇ ತುಂಡಾಗಿರುತ್ತದೆ. ಇದು ತುಂಡಾಗಿರಲಿಲ್ಲ. ಒಂದೊಂದೇ ಕೆಲಸ ಕ್ರಮವಾಗಿ ನಿಲ್ಲಿಸಿ, ಕಡತಗಳನ್ನೆಲ್ಲ ಮುಚ್ಚಿ, ಕೊನೆಗೆ ದೀಪ ಆರಿಸಿತ್ತು. ಯಾರೋ ಅದನ್ನು ಜೋಪಾನವಾಗಿ ಮಲಗಿಸಿದ ಹಾಗೆ.

ನಾನು ಮೊದಲು ನಮ್ಮ ಕಂಪ್ಯೂಟರಿಗೆ ಹೊರಗಿನವರು ಯಾರಾದರೂ ನುಗ್ಗಿದ್ದಾರೆಯೇ ಎಂದು ಹೆದರಿದೆ. ಗುಪ್ತಪದ ಬದಲಿಸಿದೆ. ಮತ್ತೆ ನಿಂತಿತು. ಮದರ್‌ಬೋರ್ಡಿನ ಬ್ಯಾಟರಿ ಬದಲಿಸಿದೆ. ಮತ್ತೆ ನಿಂತಿತು. ಲ್ಯಾಬಿನಲ್ಲಿ ನಮ್ಮ ಫೋನುಗಳನ್ನು ಡ್ರಾಯರಿನಲ್ಲಿ ಇಟ್ಟಿರಬೇಕು, ಹಾಗಾಗಿ ಹಗಲು ನನಗೆ ತಿಳಿಯುತ್ತಿರಲಿಲ್ಲ. ಸಂಜೆ ಗೆರೆ ಎಳೆಯುವುದಷ್ಟೇ.

ಇಷ್ಟು ಲೆಕ್ಕ ಇಡುವ ನಾನು ಒಂದು ಕಂಬಸಾಲು ಮರೆತಿದ್ದೆ. ತಾರೀಖು ಬರೆದಿದ್ದೆ, ವಾರ ಬರೆದಿರಲಿಲ್ಲ. ನಡುನಡುವೆ ಕರೆಂಟಿನದು, ಲೈನಿನದು ಬೇರೆ ನಮೂದುಗಳು ತುಂಬಿಕೊಂಡಿದ್ದರಿಂದ ಕಣ್ಣಿಗೆ ಬೀಳಲಿಲ್ಲ. ಆಗಸ್ಟ್ ಹನ್ನೊಂದು, ಭಾನುವಾರ ಬೆಳಿಗ್ಗೆ, ಏಳು ತಾರೀಖುಗಳನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಪೆನ್ಸಿಲಿನಿಂದ ಸುತ್ತಿದೆ. ನಮ್ಮ ಕಡೆಯ ಕ್ಯಾಲೆಂಡರಿನಲ್ಲಿ ಭಾನುವಾರಗಳಿಗೆಲ್ಲ ಒಂದು ಅಡ್ಡಸಾಲು, ಶನಿವಾರಗಳಿಗೆಲ್ಲ ಇನ್ನೊಂದು. ಏಳೂ ಒಂದೇ ಸಾಲಿನಲ್ಲಿ ಕೂತವು. ಸೋಮವಾರ.

ಯಾವ ಯಂತ್ರ ಸೋಮವಾರ ನೋಡಿ ಕೆಡುತ್ತದೆ? ಮರುದಿನ ನಾನು ಲ್ಯಾಬಿಗೆ ರಜೆ ಹೇಳಿದೆ. ಮನೆಯಲ್ಲಿ ಹೇಳಲಿಲ್ಲ. ಒಂಬತ್ತಕ್ಕೆ ಎಂದಿನಂತೆ ಬ್ಯಾಗು ಹಾಕಿಕೊಂಡು ಹೊರಟು, ಬೀದಿಯ ಕೊನೆಯವರೆಗೆ ಹೋಗಿ, ಹಿತ್ತಿಲ ಬಾಗಿಲಿಂದ ವಾಪಸು ಬಂದೆ.

ತಾತ ಸ್ನಾನ ಮಾಡಿ, ಹಣೆಗೆ ವಿಭೂತಿ ಹಚ್ಚಿಕೊಂಡು, ಶ್ರಾವಣ ಸೋಮವಾರದ ಉಪವಾಸದಲ್ಲಿದ್ದರು. ಕೋಣೆಗೆ ಹೋಗಿ ಯಂತ್ರದ ಮುಂದೆ ಕೂತರು. ಕರೆಂಟು ಹೋದಾಗ ಬ್ಯಾಟರಿ ಮುಗಿಯುವ ಮೊದಲೇ ಅದನ್ನು ಸರಿಯಾಗಿ ಮುಚ್ಚುವುದು ಹೇಗೆ ಎಂದು ನಾನೇ ಅವರಿಗೆ ಕಲಿಸಿದ್ದೆ. ದೊಡ್ಡ ಅಕ್ಷರದಲ್ಲಿ ಬರೆದು ಗೋಡೆಗೂ ಅಂಟಿಸಿದ್ದೆ, ಐದು ಹೆಜ್ಜೆ. ತಾತ ಕನ್ನಡಕ ಏರಿಸಿ ಐದನ್ನೂ ಓದುತ್ತ, ಬೆರಳಿನಿಂದ ಒಂದೊಂದೇ ಮಾಡಿದರು. ಫ್ಯಾನು ನಿಧಾನವಾಗಿ ಸುತ್ತಿ ನಿಂತಿತು. ತಾತ ಅದರ ಬೆನ್ನ ಮೇಲೆ ಕೈಯಾಡಿಸಿದರು.

“ಮಲಕ್ಕೊ,” ಎಂದರು.

ನಾನು ಬಾಗಿಲಲ್ಲಿ ನಿಂತು, “ತಾತಾ” ಎಂದೆ.

ಅವರು ಬೆಚ್ಚಿದರು, ಆದರೆ ತಪ್ಪು ಮಾಡಿ ಸಿಕ್ಕವರಂತೆ ಅಲ್ಲ. “ಯಾಕವ್ವ, ಲ್ಯಾಬು ಇಲ್ಲೇನು ಇವತ್ತ?”

“ಯಾಕ ಆರಿಸಿದ್ರಿ?”

“ಸೋಮಾರ ಐತಲ್ಲವ್ವ.”

“ಸೋಮಾರಾದ್ರ?”

ತಾತ ನನ್ನನ್ನೇ ನೋಡಿದರು, ನಾನು ಕೇಳಬಾರದ್ದನ್ನು ಕೇಳಿದ ಹಾಗೆ. “ಸೋಮಾರ ಎತ್ತು ಹೂಡ್ತಾರೇನು?”

ತಾತ ತೂಕದ ಕೆಲಸಕ್ಕೆ ಬರುವ ಮೊದಲು ಹಾಲಹರವಿಯಲ್ಲಿ ಹೊಲ ಮಾಡಿದವರು. ಸೋಮವಾರ ಬಸವಣ್ಣನ ದಿನ. ಎಂಥ ಬಿತ್ತನೆಯ ಅವಸರವಿದ್ದರೂ ಆ ದಿನ ಎತ್ತಿನ ಹೆಗಲಿಗೆ ನೊಗ ಇಡುವಂತಿಲ್ಲ. ನನಗೆ ಈ ಸಂಗತಿ ಗೊತ್ತಿಲ್ಲದ್ದಲ್ಲ. ಆ ವರ್ಷ ಎತ್ತುಗಳ ಹಬ್ಬವಾದ ಕಾರಹುಣ್ಣಿಮೆಯಂದು ತಾತ ಯಂತ್ರಕ್ಕೂ ವಿಭೂತಿ ಹಚ್ಚಿ, ಎತ್ತಿನ ಕೊರಳಿಗೆ ಕಟ್ಟುವ ಕರಿ ದಾರ ಕಟ್ಟಿದ್ದನ್ನು ನೋಡಿ ನಾನೇ ಫೋಟೋ ತೆಗೆದಿದ್ದೆ, ನಕ್ಕಿದ್ದೆ. ಅದರ ಮುಂದಿನ ಸೋಮವಾರವೇ ಜೂನ್ ಇಪ್ಪತ್ತನಾಲ್ಕು.

“ವರ್ಷಗಟ್ಲೆ ಹಗಲು ರಾತ್ರಿ ದುಡದೈತಿ,” ತಾತ ಹೇಳಿದರು. “ಬ್ಯಾಸಗ್ಯಾಗ ಮುಟ್ಟಿದ್ರ ಕೈ ಸುಡತಿತ್ತು. ಅದಕ್ಕ ಬಾಯಿಲ್ಲ, ಕೇಳಂಗಿಲ್ಲ. ಕೇಳಂಗಿಲ್ಲಂತ ಹೂಡಿಕೋಂತ ಹೋಗಾಕ ಆಕ್ಕೈತೇನು? ನೀ ಸಂಜಿಗೆ ಬರೋ ಮುಂದ ಎಬ್ಬಸ್ತೀನಿ. ಹೇಳಿದ್ರ ನೀ ಬ್ಯಾಡ ಅಂತೀದಿ ಅಂತ ಹೇಳಿಲ್ಲ.”

ಏಳು ಗೆರೆಗಳಿಗೂ ಕಾರಣ ಸಿಕ್ಕಿತ್ತು. ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ನೋಟ್‌ಬುಕ್ ತೆಗೆದು ಕಾರಣದ ಕಂಬಸಾಲಿನಲ್ಲಿ ಏನು ಬರೆಯುವುದೆಂದು ಯೋಚಿಸುತ್ತ ಅವರ ಪಕ್ಕದಲ್ಲೇ ಜೋಳದ ಚೀಲದ ಮೇಲೆ ಕೂತೆ. ಹಳೆಯ ಎತ್ತುಗಳ ಮಾತು ಬಂದು ತಾಸಿನ ಮೇಲಾಯಿತು, ಯಂತ್ರ ಎಬ್ಬಿಸುವುದು ನನಗೂ ಹೊಳೆಯಲಿಲ್ಲ. ಅಜ್ಜಿ ಬಾಗಿಲಿಗೆ ಬಂದು ನಮ್ಮಿಬ್ಬರನ್ನೂ ನೋಡಿದರು. “ಗೊತ್ತಾತೇನು? ನಾ ಅವತ್ತ ಹೇಳೀನಿ, ಹುಡುಗಿ ಬರಕೊಂಡು ಕುಂದರತೈತಿ, ಸಿಗಬೀಳ್ತೀರಿ ಅಂತ.”

“ನಿಮಗೂ ಗೊತ್ತಿತ್ತಾ?”

“ನನ್ನ ಮಿಕ್ಸಿಗೆ ಬಿಡುವು ಕೊಡಾಕ ಬರ್ತಿದ್ರು. ಕೈ ಮುರೀತೀನಿ ಅಂದೆ.”

ಮೂವರೂ ನಗುತ್ತಿದ್ದೆವು. ಆಗಲೇ ಹೊರಗೆ ಆಟೋ ನಿಂತ ಸದ್ದಾಯಿತು, ಯಾರೋ ಬಾಗಿಲ ಚಿಲಕ ಬಡಿದರು.

ಬಂದ ಗಂಡಸು ನನಗಿಂತ ನಾಲ್ಕೈದು ವರ್ಷ ದೊಡ್ಡವರಿರಬಹುದು, ಅಂಗಿಯ ಗುಂಡಿ ತಪ್ಪಿ ಹಾಕಿಕೊಂಡಿದ್ದರು. “ತೂಕದ ತಾತನ ಮನಿ ಇದೇ ಏನ್ರಿ?” ಎಂದರು. ಗೋನೆಗಂಡ್ಲದವರು. ಹೆಂಡತಿಗೆ ಹೆರಿಗೆ, ಆಪರೇಷನ್ ಆಗಬೇಕು, ಓ ನೆಗೆಟಿವ್ ಬೇಕು. ಆಸ್ಪತ್ರೆಯ ಸಿಸ್ಟರ್ ನಮ್ಮ ಪುಟದ ವಿಳಾಸ ಕೊಟ್ಟಿದ್ದರು.

“ಒಂಬತ್ತೂವರಿಯಿಂದ ಒತ್ತಾಕ ಹತ್ತೀನ್ರಿ. ತೆರೀವಲ್ದು. ನನ್ನ ಫೋನ್ ಕೆಟ್ಟೈತೇನೋ ಅಂತ ಮಂದಿ ಫೋನ್ ಇಸ್ಕೊಂಡು ನೋಡಿದೆ. ಆಮ್ಯಾಲ ಸಿಸ್ಟರ್ ಹೇಳಿದ್ರು, ಮಾರ್ಕೆಟ್ ಹಿಂದ ತಾತನ ಮನಿ ಐತಿ, ಹೋಗಿ ಕೇಳು ಅಂತ.”

ಆಗ ಹತ್ತು ಐವತ್ತು. ನಾನು ಕೋಣೆಗೆ ಓಡಿ ಗುಂಡಿ ಒತ್ತಿದೆ. ಹಳೆಯ ಡಿಸ್ಕು, ಎಚ್ಚರವಾಗಲು ಆರು ನಿಮಿಷ ತೆಗೆದುಕೊಳ್ಳುತ್ತದೆ. ಆ ಆರು ನಿಮಿಷವನ್ನು ನಾನು ಎಷ್ಟು ಸಲ ಅಳೆದಿದ್ದೆನೋ. ಎಂದೂ ಅಷ್ಟು ಉದ್ದವಿರಲಿಲ್ಲ. ಪರದೆಯ ಮೇಲೆ ಬಿಳಿ ಅಕ್ಷರ ಒಂದೊಂದೇ ಸಾಲು ಇಳಿಯುತ್ತಿತ್ತು.

ಹಿಂದೆ ತಾತನ ದನಿ ಕೇಳಿಸಿತು. ಅವರು ಕಣ್ಣು ಮುಚ್ಚಿ ನಿಂತು ಹೇಳುತ್ತಿದ್ದರು, ತಕ್ಕಡಿಯ ಮುಂದೆ ತೂಕ ಕೂಗುವಾಗಲೂ ಹಾಗೆಯೇ ನಿಲ್ಲುತ್ತಿದ್ದಿರಬೇಕು. “ಓ ನೆಗೆಟಿವ್ ನಮ್ಮಲ್ಲಿ ನಾಕು ಮಂದಿ. ಹಾಲಹರವಿ ಕಡೆ ಇಬ್ರು, ದೂರ ಆಕ್ಕೈತಿ. ಒಬ್ಬಾಕಿ ಪತ್ತಿಕೊಂಡದಾಕಿ, ಆಕಿಗೆ ಕೂಸು ಸಣ್ಣದು, ಬ್ಯಾಡ. ಇನ್ನೊಬ್ಬ ಇಲ್ಲೇ ಬಸ್‌ಸ್ಟ್ಯಾಂಡ್ ಹತ್ರ ಟೈಲರು. ಜಲ್ದಿ ಆಟೋ ಹತ್ತಪ, ನಾನೂ ಬರ್ತೀನಿ.”

ಯಂತ್ರ ಏಳುವ ಮೊದಲೇ ಆಟೋ ಹೊರಟಿತ್ತು. ಉಪವಾಸದ ತಾತ, ಚಪ್ಪಲಿ ಇಲ್ಲದೆ. ಅಜ್ಜಿ ಚಪ್ಪಲಿ ಹಿಡಿದು ಬೀದಿಯವರೆಗೆ ಓಡಿ ವಾಪಸು ಬಂದರು.

ಟೈಲರು ಅಂಗಡಿಯಲ್ಲೇ ಇದ್ದರು. ಅರ್ಧ ಹೊಲಿದ ಬಟ್ಟೆಯನ್ನು ಮಿಷನ್ನಿನ ಸೂಜಿಯ ಕೆಳಗೇ ಬಿಟ್ಟು ಹೊರಟರಂತೆ. ಒಂದೂವರೆಗೆ ತಾತ ಹಿಂದಿರುಗಿದರು. ಹೆಣ್ಣು ಕೂಸು, ತಾಯಿ ಆರಾಮ. ನಾನು ಬರೆದುಕೊಂಡೆ.

ಸಂಜೆಯ ಪೂಜೆ ಮುಗಿಸಿ ಉಪವಾಸ ಬಿಡಲು ಕೂತಾಗ ತಾತ ತುತ್ತು ಕೈಯಲ್ಲೇ ಹಿಡಿದು ಹೇಳಿದರು. “ಡಾಕ್ಟರಮ್ಮ ಅಂದ್ಲು, ಇನ್ನೊಂದು ತಾಸು ಮೊದಲ ಬಂದಿದ್ರ ನಾವು ಇಷ್ಟು ಹೆದರತಿದ್ದಿಲ್ಲ ಅಂತ. ನೀನು ಹುಟ್ಟಿದಾಗ ಗೋನೆಗಂಡ್ಲದಾಂವ ಚೀಲ ಬಿಟ್ಟು ಬಂದ. ಇವತ್ತ ಗೋನೆಗಂಡ್ಲದಾಂವ ಬಂದ್ರ ನಾ ಬಾಗ್ಲ ಹಾಕ್ಕೊಂಡು ಕುಂತಿದ್ದೆ.”

“ನಿಮಗೆ ನೆನಪಿತ್ತಲ್ಲ ತಾತ. ಯಂತ್ರಕ್ಕಿಂತ ಮೊದಲು ನೀವು ಹೇಳಿದ್ರಿ.”

“ನಾಕು ಮಂದಿ ಅಂತ ನೆನಪಿತ್ತವ್ವ. ಬಿ ಪಾಸಿಟಿವ್ ಕೇಳಿದ್ರ? ನೂರು ಮಂದಿ ಅದಾರ. ನಂಗೂ ಒಂದ್ ದಿನ ಮರೀತೈತಿ.” ತುತ್ತನ್ನು ತಟ್ಟೆಗೆ ಹಾಕಿ, “ನಿನ್ನ ಗೆಳತಿಗೆ ಫೋನ್ ಹಚ್ಚು. ನಾ ಮಾತಾಡ್ತೀನಿ.”

ನಾನು ಸ್ಪೀಕರ್ ಹಾಕಿದೆ. ತಾತ ಗೆಳತಿಯೊಂದಿಗೆ ತೆಲುಗಿನಲ್ಲಿ ಶುರುಮಾಡಿ, ಎಂದಿನಂತೆ ನಡುವೆ ಕನ್ನಡಕ್ಕೆ ಬಂದರು. ಕರೆಂಟು ಹೋದರೇನು, ಲೈನು ಕಡಿದರೇನು, ಯಾವುದನ್ನೂ ಕೇಳಲಿಲ್ಲ. ಕೇಳಿದ್ದು ಇಷ್ಟು: “ಅಲ್ಲಿ ನಿಮ್ಮ ಮಿಷನ್ನಿಗೆ ಸೋಮಾರ ಬಿಡುವು ಐತೇನಮ್ಮ?”

ಗೆಳತಿ, “ತಾತಗಾರು, ಅದು ನಿಲ್ಲಂಗೇ ಇಲ್ಲ” ಎಂದಳು, ಸಮಾಧಾನ ಹೇಳುವವಳಂತೆ. ತಾತನ ಮುಖ ಇಳಿಯಿತು. ನಾನು ಫೋನು ಕಸಿದುಕೊಂಡು, “ಅಕ್ಕ, ರಿಪೇರಿ ಬಂದ್ರ ಏನ್ ಮಾಡ್ತೀರಿ ಅದನ್ನ ಹೇಳು” ಎಂದೆ.

“ಹಾಂ, ಅದಾ? ಒಂದಲ್ಲ ತಾತ, ಬಾಳ ಮಿಷನ್ ಅದಾವು. ಒಂದನ್ನ ನಿಲ್ಲಿಸ್ಬೇಕಾದ್ರ ಅದರ ಕೆಲಸ ಇನ್ನೊಂದಕ್ಕ ಕೊಡ್ತೀವಿ. ಅದನ್ನ ತಂಪು ಮಾಡಿ, ಧೂಳು ತೆಗೆದು, ಚೆಕ್ ಮಾಡಿ ಮತ್ತ ಹಚ್ತೀವಿ. ಹೊರಗಿನವರಿಗೆ ಗೊತ್ತೇ ಆಗಂಗಿಲ್ಲ.”

ತಾತ ನೆಟ್ಟಗಾದರು. “ಅಂದ್ರ ಬದಲಿ ಜೋಡಿ ಐತಿ.”

“ಅವುನು ತಾತ. ಬದಲಿ ಐತಿ.”

ತಾತ ನನ್ನ ಕಡೆ ತಿರುಗಿ ವಿವರಿಸಿದರು. ಹಿಂದೆ ಕಪಿಲೆ ಬಾವಿಗಳಿದ್ದಾಗ, ಎತ್ತುಗಳು ಇಳಿಜಾರಿನಲ್ಲಿ ನಡೆದು ತೊಗಲ ಚೀಲದಲ್ಲಿ ನೀರೆತ್ತುತ್ತಿದ್ದಾಗ, ಉಳ್ಳವರು ಎರಡು ಜೋಡಿ ಇಟ್ಟಿರುತ್ತಿದ್ದರಂತೆ. ಒಂದು ಜೋಡಿ ಬಿಚ್ಚಿದ ಕೂಡಲೇ ಇನ್ನೊಂದು ಕಟ್ಟುವುದು. ನೀರು ನಿಲ್ಲುತ್ತಿರಲಿಲ್ಲ, ಎತ್ತೂ ದಣಿಯುತ್ತಿರಲಿಲ್ಲ. “ನಮ್ಮ ಮನ್ಯಾಗ ಒಂದೇ ಜೋಡಿ ಇತ್ತು. ಅದಕ್ಕ ನೀರು ನಿಂತ್ಬಿಡ್ತು.” ಫೋನಿಗೆ ಬಾಗಿ, “ಬರಾಬರ್ ಐತಮ್ಮ. ಬರ್ತೀವಿ. ಆದ್ರ ಇವತ್ತೇ ಅಲ್ಲ. ಮೊದಲ ಎಲ್ರಿಗೂ ಹೇಳ್ಬೇಕು.”

ಎಲ್ಲರಿಗೂ ಎಂದರೆ ಮುನ್ನೂರ ನಲವತ್ತೇಳು ಜನಕ್ಕೆ. ಪುಟದಲ್ಲಿ ಒಂದು ಸೂಚನೆ ಹಾಕಿದರೆ ಸಾಕು ಎಂದೆ. ತಾತ ಒಪ್ಪಲಿಲ್ಲ. ಬಾಡಿಗೆ ಮನೆ ಬಿಡುವವರೂ ಪಕ್ಕದವರಿಗೆ ಹೇಳಿ ಹೋಗುತ್ತಾರೆ. ನಂಬರು ಅವರದು, ಅವರನ್ನು ಕೇಳದೆ ಒಯ್ಯುವುದು ಹೇಗೆ? ಆ ಪ್ರಶ್ನೆಯನ್ನು ಮೇ ತಿಂಗಳಿಂದ ಇಟ್ಟುಕೊಂಡಿದ್ದರು, ಉತ್ತರವನ್ನೂ ಅವರೇ ಕಂಡುಕೊಂಡರು.

ಆಗಸ್ಟ್ ಹದಿನಾಲ್ಕರಿಂದ ಶುರು. ದಿನಾ ಬೆಳಿಗ್ಗೆ ಏಳರಿಂದ ಎಂಟೂ ನಲವತ್ತರವರೆಗೆ. ತಾತ ಮಾತಾಡುವುದು, ನಾನು ಗುರುತು ಹಾಕುವುದು. ನನ್ನ ಅಂದಾಜು ಕರೆಗೆ ಎರಡು ನಿಮಿಷ. ಮೊದಲ ಕರೆಯೇ ಹನ್ನೊಂದು ನಿಮಿಷವಾಯಿತು. ಮಳೆ, ಮಗಳ ಮದುವೆ, ಹತ್ತಿಗೆ ಬಿದ್ದ ಹುಳು ಎಲ್ಲ ಮುಗಿದ ಮೇಲೆ ತಾತ ವಿಷಯಕ್ಕೆ ಬರುತ್ತಿದ್ದರು.

“ಅಲ್ಲಪ, ನಿನ್ನ ನಂಬರು ನಮ್ಮ ಮನ್ಯಾಗ ಇತ್ತಲ್ಲ. ಈಗ ಅದನ್ನ ದೊಡ್ಡ ಕಂಪನಿ ಮಿಷನ್ನಿಗೆ ಕೊಡ್ತೀವಿ. ಅಲ್ಲಿ ಬದಲಿ ಜೋಡಿ ಐತಿ. ಕೊಡ್ಲೇನು?”

“ತಾತ, ನೀನು ಇರ್ತೀಯಿಲ್ಲೋ ಅಲ್ಲಿ?”

“ನಾ ಎಲ್ಲಿಗೆ ಹೋಗ್ಲಿ? ಪಟ್ಟಿ ನಂದೇ. ಕಟ್ಟೋ ಜಾಗ ಬ್ಯಾರೆ.”

“ಪರವಾಲೇದು ಹಂಗಾದ್ರ. ಕೊಡು.”

ಒಬ್ಬ ಹೆಂಗಸು ದನಿ ತಗ್ಗಿಸಿ ಹೇಳಿದರು. “ತಾತಾ, ಮದುವಿ ಆತು. ಇಲ್ಲಿ ಗಂಡನ ಮನ್ಯಾಗ ನನ್ನ ನಂಬರು ಅಲ್ಲೈತಿ ಅಂತ ಯಾರಿಗೂ ಗೊತ್ತಿಲ್ರಿ. ತೆಗೀರಿ. ಬೇಕಾದ್ರ ನೀವೇ ಫೋನ್ ಮಾಡ್ರಿ, ನಾ ಬಂದು ಕೊಡ್ತೀನಿ.” ತಾತ ನನ್ನ ಕೈಯಿಂದ ಪೆನ್ಸಿಲ್ ತೆಗೆದುಕೊಂಡು ಆ ಹೆಸರನ್ನು ತಾವೇ ಹೊಡೆದರು. ಆಮೇಲೆ ಆ ವರ್ಷದ ಕ್ಯಾಲೆಂಡರಿನ ಆಗಸ್ಟ್ ಹಾಳೆ ಮಗುಚಿ, ಹಿಂಬದಿಯಲ್ಲಿ ಬರೆದುಕೊಂಡರು. ಅಂಥ ಹೆಸರು ಕೊನೆಗೆ ಹನ್ನೆರಡಾದವು.

ಕೆಲವು ಕರೆಗಳನ್ನು ಬೇರೆಯವರು ಎತ್ತಿದರು. “ಅಪ್ಪ ಹೋಗಿ ಎರಡು ವರ್ಷ ಆತ್ರಿ.” ತಾತ, ಆ ಮನುಷ್ಯ ಯಾವ ವರ್ಷ ಯಾರಿಗೆ ರಕ್ತ ಕೊಟ್ಟಿದ್ದ ಎಂದು ಅವರ ಮಕ್ಕಳಿಗೆ ಹೇಳುತ್ತಿದ್ದರು. ಎಷ್ಟೋ ಮನೆಗಳಲ್ಲಿ ಅದು ಗೊತ್ತೇ ಇರಲಿಲ್ಲ. ಅಂಥ ಒಂದು ಕರೆಯ ಕೊನೆಯಲ್ಲಿ ಆ ಕಡೆಯ ಮಗ, “ನನ್ನ ಹೆಸರು ಬರಕೋರಿ ಹಂಗಾದ್ರ” ಎಂದರು. ನಾನು ಅವರನ್ನು ಯಾವ ಕಂಬಸಾಲಿಗೆ ಹಾಕುವುದೆಂದು ತಿಳಿಯದೆ ಅಂಚಿನಲ್ಲಿ ಬರೆದೆ.

ಹತ್ತೊಂಬತ್ತು ದಿನ ಹಿಡಿಯಿತು. ಒಪ್ಪಿದವರು ಇನ್ನೂರ ಎಪ್ಪತ್ತೊಂದು. ಸಿಗದವರು ಮೂವತ್ತೆಂಟು. ತೀರಿಕೊಂಡವರು ಒಂಬತ್ತು. ವಯಸ್ಸು, ಕಾಯಿಲೆಯಿಂದ ಇನ್ನು ಕೊಡಲಾಗದವರು ಹದಿನೇಳು. ಕ್ಯಾಲೆಂಡರಿನಲ್ಲೇ ಇರುತ್ತೇವೆ ಎಂದವರು ಹನ್ನೆರಡು. ಅಂಚಿನಲ್ಲಿ ಹೊಸಬರು ನಾಲ್ಕು. ನಾನು ಸರ್ವರನ್ನು ಅಷ್ಟು ವರ್ಷ ಚೊಕ್ಕಟವಾಗಿ ನಡೆಸಿದ್ದೆ, ಆದರೆ ಅದರೊಳಗಿನ ಪಟ್ಟಿ ಎಷ್ಟು ಹಳಸಿತ್ತು ಎಂದು ಒಮ್ಮೆಯೂ ನೋಡಿರಲಿಲ್ಲ. ನಿಂತದ್ದನ್ನಷ್ಟೇ ಎಣಿಸಿದ್ದೆ.

ಸೆಪ್ಟೆಂಬರ್ ಐದರಂದು ಪಟ್ಟಿಯನ್ನು ಗೆಳತಿಯ ಕಡೆಗೆ ಕಳಿಸಿದೆವು. ನಾನು ಎಂಟರ್ ಗುಂಡಿಯ ಮೇಲೆ ತಾತನ ಬೆರಳು ಇಡಿಸಿದೆ. ನಾಲ್ಕು ಸೆಕೆಂಡಿನಲ್ಲಿ ಮುಗಿಯಿತು. ತಾತ ಇನ್ನೂ ಬೆರಳೆತ್ತದೆ ಕೂತಿದ್ದರು. “ಇಷ್ಟೇ ಏನು?” ಎಂದರು. “ಇಷ್ಟೇ” ಎಂದೆ. ಅಜ್ಜಿ, “ಇಪ್ಪತ್ತು ವರ್ಷ ಬರೆದದ್ದು ಮಿಕ್ಸಿ ತಿರುಗೋಕಿಂತ ಜಲ್ದಿ ಹೋತು” ಎಂದು ಎದ್ದುಹೋದರು.

ಖಾಲಿಯಾದ ಯಂತ್ರವನ್ನು ಹಳೆಯ ಸಾಮಾನಿನವರಿಗೆ ಕೊಡುವ ಮಾತೆತ್ತುವ ಧೈರ್ಯ ನನಗಿರಲಿಲ್ಲ. ದುಡಿದು ಮುದಿಯಾದ ಎತ್ತನ್ನು ನಮ್ಮ ಮನೆಯಲ್ಲಿ ಮಾರಿದವರಿಲ್ಲ. ಅದಕ್ಕೊಂದು ಹಗುರ ಕೆಲಸ ಹುಡುಕಿದೆ. ಕಂಪನಿಯವರು ಎಷ್ಟೇ ಜೋಪಾನ ಮಾಡಿದರೂ ಪಟ್ಟಿಯ ಒಂದು ನಕಲು ನಮ್ಮ ಮನೆಯಲ್ಲಿರಲಿ, ವಾರಕ್ಕೊಮ್ಮೆ ಅರ್ಧ ಗಂಟೆ ಇದನ್ನು ಎಬ್ಬಿಸಿ ಅಲ್ಲಿಂದ ನಕಲು ಇಳಿಸಿಕೊಂಡು ಮತ್ತೆ ಮಲಗಿಸೋಣ ಎಂದೆ. ಗೆಳತಿಯೂ ಒಪ್ಪಿದಳು, ಹಾಗೆ ಇಟ್ಟುಕೊಳ್ಳುವುದೇ ಸರಿ ಎಂದಳು. ಬೇರೆ ದಿನಗಳಿಗಿಂತ ಸೋಮವಾರ ಪುಟಕ್ಕೆ ಬರುವವರು ಕಡಿಮೆ ಎಂದು ನನ್ನ ಲೆಕ್ಕ ಹೇಳುತ್ತಿತ್ತು. ಹಾಗಾಗಿ ಸೋಮವಾರ ಬೆಳಿಗ್ಗೆ ಎಂಟಕ್ಕೆ ಎಂದು ಬರೆದು ಗೋಡೆಗೆ ಅಂಟಿಸಿದೆ.

ತಾತ ಕನ್ನಡಕ ಏರಿಸಿ ಓದಿದರು. ನನ್ನನ್ನು ನೋಡಿದರು. “ಲೆಕ್ಕಾ ಚಲೋ ಇಡ್ತೀದಿ ಬೇ,” ಎಂದರು. “ಸೋಮಾರ ಯಾಕ ಕಡಿಮಿ ಬರ್ತಾರ? ಏಳೆಂಟು ಸೋಮಾರ ನಾನೇ ಬಾಗ್ಲ ಹಾಕಿದ್ದೆ.”

ನಾನು ನಾಲಿಗೆ ಕಚ್ಚಿಕೊಂಡೆ. ತಾತ ಪೆನ್ಸಿಲ್ ತೆಗೆದು ಸೋಮವಾರವನ್ನು ಹೊಡೆದು, ಪಕ್ಕದಲ್ಲಿ ಮಂಗಳವಾರ ಎಂದು ಬರೆದರು.

ಈಗ ನೋಟ್‌ಬುಕ್ಕಿನಲ್ಲಿ ವಾರಕ್ಕೂ ಒಂದು ಕಂಬಸಾಲಿದೆ. ಮಂಗಳವಾರ ಎಂಟಕ್ಕೆ ತಾತ ಗುಂಡಿ ಒತ್ತಿ ಯಂತ್ರವನ್ನು ಎಬ್ಬಿಸುತ್ತಾರೆ, ನಾನು ಬ್ರಷ್ಷಿನಿಂದ ಹತ್ತಿ ತೆಗೆಯುತ್ತೇನೆ, ನಕಲು ಇಳಿಯುತ್ತದೆ. ಎಂಟೂವರೆಗೆ ತಾತ ಐದು ಹೆಜ್ಜೆ ಓದಿ ಅದನ್ನು ಮಲಗಿಸುತ್ತಾರೆ, ಆ ವಾರ ಪುಟದಲ್ಲಿ ಹೊಸದಾಗಿ ಸೇರಿದ ಹೆಸರುಗಳನ್ನು ನಾನು ಅವರಿಗೆ ಓದಿ ಹೇಳುತ್ತೇನೆ. ಅವರು ಕ್ಯಾಲೆಂಡರಿನ ಹಿಂಬದಿಯಲ್ಲೂ ಬರೆದುಕೊಳ್ಳುತ್ತಾರೆ. ಕಳೆದ ವಾರ ಮೂರು ಹೆಸರು. ಅದರಲ್ಲೊಂದು ಗೋನೆಗಂಡ್ಲದ್ದು, ಬಿ ಪಾಸಿಟಿವ್. ಗುಂಪು ಬರೆಯುವ ಜಾಗದ ಕೆಳಗೆ ಅವರು ಒಂದು ಸಾಲು ಬರೆದಿದ್ದರು: ಹೆಂಡತಿ, ಕೂಸು ಆರಾಮ ಅದಾರ, ತಾತಗೆ ಹೇಳ್ರಿ.

ಹೇಳಿದೆ. ತಾತ ಹೆಸರು ಬರೆದು, ಪಕ್ಕದಲ್ಲಿ ಊರು ಬರೆದು, ಪೆನ್ಸಿಲಿನ ತುದಿ ಚೂಪು ಮಾಡಿಕೊಂಡರು. “ಮುಂದಿಂದು ಹೇಳು,” ಎಂದರು.